ಅತ್ತೆಯ ಮಂಡಿನೋವಿಗೆ ಅಕ್ಯುಪಂಕ್ಚರ್ ಮಾಡಿಸಬಹುದಾ? ಮುಂಬೈ, ಪುಣೆ ಕಡೆಯವರು ದಯವಿಟ್ಟು ಹೇಳಿ

ಡೊಂಬಿವಲಿ ಸೊಸೆ (ಸೋಮವಾರ, ರಾತ್ರಿ 9:50)

ಎಲ್ಲರಿಗೂ ನಮಸ್ಕಾರ. ನಾವು ಡೊಂಬಿವಲಿ ಪೂರ್ವದಲ್ಲಿದ್ದೇವೆ. ಅತ್ತೆಗೆ 67 ವರ್ಷ. ಎರಡೂ ಮಂಡಿ ಸವೆದಿದೆ. ನಮ್ಮದು ಹಳೇ ಬಿಲ್ಡಿಂಗ್, ಮೂರನೇ ಮಹಡಿ, ಲಿಫ್ಟ್ ಇಲ್ಲ. ತರಕಾರಿಗೆ ಇಳಿದರೆ ಹತ್ತುವಾಗ ಎರಡು ಕಡೆ ಕೂರಬೇಕು. ಈಗ ಇಳಿಯುವುದನ್ನೇ ಬಿಟ್ಟಿದ್ದಾರೆ. ಕರ್ನಾಟಕ ಸಂಘದ ಭಜನೆಗೂ ಹೋಗುತ್ತಿಲ್ಲ. ದಿನವಿಡೀ ಕಿಟಕಿ ಹತ್ತಿರ ಕೂತಿರುವುದನ್ನು ನೋಡಿದರೆ ಹೊಟ್ಟೆ ಚುರುಕ್ ಅನ್ನುತ್ತದೆ.

ಆರ್ಥೋ ಡಾಕ್ಟರು ಎಕ್ಸ್‌ರೇ ನೋಡಿ ಗ್ರೇಡ್ ಮೂರು ಎಂದರು. ಆಪರೇಷನ್ ಈಗಲೇ ಬೇಡ, ಮುಂದೆ ಬೇಕಾಗಬಹುದು ಎಂದರು. ನೋವಿನ ಮಾತ್ರೆ ತಗೊಂಡರೆ ಅತ್ತೆಗೆ ಹೊಟ್ಟೆ ಉರಿ. ಅವರಿಗೆ 14 ವರ್ಷದಿಂದ ಶುಗರ್ ಇದೆ, ಬಿಪಿಯೂ ಇದೆ. ಕಿಡ್ನಿಗೆ ಒಳ್ಳೆಯದಲ್ಲ, ನೋವಿನ ಮಾತ್ರೆ ಜಾಸ್ತಿ ತಗೋಬೇಡಿ ಎಂದು ಡಾಕ್ಟರೇ ಹೇಳಿದ್ದಾರೆ.

ಪಕ್ಕದ ಮನೆ ಕಾಕೂ ಒಂದು ಅಕ್ಯುಪಂಕ್ಚರ್ ಕ್ಲಿನಿಕ್ ಹೇಳಿದರು. ಶನಿವಾರ ಅತ್ತೆಯನ್ನು ಕರೆದುಕೊಂಡು ಹೋದೆ. ಅಲ್ಲಿದ್ದವರು ನಾಲಿಗೆ ನೋಡಿದರು, ಎರಡೂ ಕೈಯ ನಾಡಿ ಹಿಡಿದರು. ಎಕ್ಸ್‌ರೇ ಕವರಿನಿಂದ ತೆಗೆಯಲೇ ಇಲ್ಲ. 15 ಸಿಟ್ಟಿಂಗ್ ಬೇಕು, 12,000 ರೂಪಾಯಿ ಮೊದಲೇ ಕಟ್ಟಬೇಕು ಎಂದರು. ಕೊನೆಗೆ, "ಶುಗರ್, ಬಿಪಿ ಮಾತ್ರೆ ಎರಡನ್ನೂ ನಿಧಾನಕ್ಕೆ ಬಿಡಿಸುತ್ತೇವೆ" ಎಂದರು. ಆ ಮಾತಿಗೆ ಅತ್ತೆಯ ಮುಖ ಅರಳಿತು. ನನಗೆ ಎದೆ ಧಸಕ್ ಎಂದಿತು. ಮನೆಯವರು "ನೀನೇ ವಿಚಾರಿಸು" ಎಂದು ಬಿಟ್ಟುಬಿಟ್ಟರು.

ಮಾಡಿಸಿದವರು ಯಾರಾದರೂ ಇದ್ದೀರಾ? ನಿಜವಾಗಿ ಕಡಿಮೆ ಆಗುತ್ತದಾ?

ಮಾಟುಂಗಾದವಳು (ಸೋಮವಾರ, ರಾತ್ರಿ 10:05)

ಮೊದಲು ಒಂದು ಮಾತು. ಆ 12,000 ಕಟ್ಟಬೇಡಮ್ಮಾ. ಮಿಕ್ಕಿದ್ದು ಆಮೇಲೆ.

ಕಾವಲಿ ಭಟ್ಟ (ಸೋಮವಾರ, ರಾತ್ರಿ 11:40)

ಹೋಟೆಲ್ ಮುಚ್ಚಿ ಈಗ ಬಂದೆ. ನನ್ನ ಅನುಭವ ಹೇಳುತ್ತೇನೆ ಅಕ್ಕ, ಸ್ವಲ್ಪ ಉದ್ದ ಆಗಬಹುದು.

ನಾನು ಕುಂದಾಪುರ ಕಡೆಯವನು. 26 ವರ್ಷದಿಂದ ಮುಂಬೈಯಲ್ಲಿ ದೋಸೆ ಕಾವಲಿ ಮುಂದೆ ನಿಂತಿದ್ದೇನೆ. ಬೆಳಿಗ್ಗೆ ಆರರಿಂದ ಹನ್ನೊಂದು, ಸಂಜೆ ನಾಲ್ಕರಿಂದ ಹತ್ತು. ನಾಲ್ಕು ವರ್ಷದ ಹಿಂದೆ ಸೊಂಟ ಹಿಡಿಯಿತು. ಹಿಟ್ಟಿನ ಪಾತ್ರೆ ಎತ್ತಲು ಬಗ್ಗಿದರೆ ಎದ್ದು ನಿಲ್ಲಲು ಯಾರಾದರೂ ಕೈ ಕೊಡಬೇಕು. ಎಂಆರ್‌ಐ ಮಾಡಿಸಿದೆ. ಡಿಸ್ಕ್ ಸ್ವಲ್ಪ ಉಬ್ಬಿದೆ, ಆದರೆ ನರ ಒತ್ತುತ್ತಿಲ್ಲ ಎಂದರು. ಮಾತ್ರೆ, ಬೆಲ್ಟ್, ಎಣ್ಣೆ, ಎಲ್ಲ ಆಯಿತು. ನಮ್ಮ ಶೆಟ್ರು ಒಬ್ಬ ಡಾಕ್ಟರ್ ಹತ್ತಿರ ಕಳಿಸಿದರು. ಅವರು ಎಂಬಿಬಿಎಸ್ ಓದಿ ಆಮೇಲೆ ಅಕ್ಯುಪಂಕ್ಚರ್ ಕಲಿತವರು.

ಸೂಜಿ ಎಂದರೆ ನನಗೆ ಭಯ. ಇಂಜೆಕ್ಷನ್ ಕೊಡುವಾಗ ಮುಖ ತಿರುಗಿಸುವವನು ನಾನು. ಅವರು ಮೊದಲು ಒಂದು ಪ್ಯಾಕೆಟ್ ನನ್ನ ಕೈಗೇ ಕೊಟ್ಟರು. "ನೀವೇ ಒಡೆಯಿರಿ" ಎಂದರು. ಒಳಗೆ ಸೂಜಿ, ಅದರ ಮೇಲೆ ಸಣ್ಣ ಪ್ಲಾಸ್ಟಿಕ್ ಕೊಳವೆ. ಸೂಜಿ ಕೂದಲಿಗಿಂತ ಸ್ವಲ್ಪ ದಪ್ಪ, ಅಷ್ಟೇ. ಬಗ್ಗಿಸಿದರೆ ಬಾಗುತ್ತದೆ. ಬೋರಲು ಮಲಗಿಸಿದರು. ಕೊಳವೆಯನ್ನು ಚರ್ಮದ ಮೇಲೆ ಇಟ್ಟು, ಮೇಲೆ ಚಾಚಿರುವ ಸೂಜಿಯ ತಲೆಗೆ ಬೆರಳಿನಿಂದ ಟಕ್ ಎಂದು ಒಂದು ತಟ್ಟು. ಇರುವೆ ಕಚ್ಚಿದ ಹಾಗೂ ಅಲ್ಲ. ಆಮೇಲೆ ಸೂಜಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ತಿರುಗಿಸುತ್ತಾರೆ. ಆಗ ಒಳಗೆ ಏನೋ ಭಾರ ಬಂದ ಹಾಗೆ, ಮಂದವಾಗಿ ಜುಮ್ ಅನ್ನುತ್ತದೆ. ಅದು ಬರಬೇಕು, ಅದಕ್ಕೆ "ದೆ ಚಿ" ಎನ್ನುತ್ತಾರೆ ಎಂದು ಅವರೇ ಹೇಳಿದರು.

ಸೊಂಟಕ್ಕೆ ಆರು ಸೂಜಿ. ಆಮೇಲೆ ಎರಡೂ ಮಂಡಿಯ ಹಿಂದೆ, ಮಡಚುವ ಜಾಗದಲ್ಲಿ, ಒಂದೊಂದು. "ನೋವು ಸೊಂಟದಲ್ಲಿ, ಮಂಡಿಗೆ ಯಾಕೆ ಸ್ವಾಮಿ" ಎಂದು ಕೇಳಿದೆ. ಚೀನಾದ ಲೆಕ್ಕದಲ್ಲಿ ಬೆನ್ನಿನ ದಾರಿ ಕಾಲಿನ ಹಿಂದೆ ಹಾದು ಪಾದದವರೆಗೆ ಹೋಗುತ್ತದಂತೆ. ನಾಲ್ಕು ಸೂಜಿಗೆ ಕ್ಲಿಪ್ ಹಾಕಿ ಸಣ್ಣ ಕರೆಂಟ್ ಬಿಟ್ಟರು. ಮಾಂಸ ತಾನೇ ಟಿಕ್ ಟಿಕ್ ಎಂದು ಕುಣಿಯುತ್ತಿತ್ತು. 20 ನಿಮಿಷ. ನಾನು ನಿದ್ದೆ ಹೋಗಿದ್ದೆ.

ಮೊದಲ ಎರಡು ಸಿಟ್ಟಿಂಗ್‌ನಲ್ಲಿ ಏನೂ ಇಲ್ಲ. ಮೂರನೆಯದಾದ ಮೇಲೆ ರಾತ್ರಿ ಮಗ್ಗುಲು ಬದಲಿಸುವಾಗ ಎಚ್ಚರ ಆಗಲಿಲ್ಲ. ಆರು ಮುಗಿಯುವಾಗ ಪಾತ್ರೆ ಎತ್ತುವಷ್ಟಾದೆ. ಅದೇ ತಿಂಗಳಲ್ಲಿ ಇನ್ನೆರಡು ಸಂಗತಿಯೂ ಆಯಿತು, ಅದನ್ನೂ ಹೇಳಬೇಕು. ಡಾಕ್ಟರು ಬೆನ್ನಿನ ವ್ಯಾಯಾಮ ಹೇಳಿಕೊಟ್ಟರು. ಶೆಟ್ರು ಕಾವಲಿಯ ಕಟ್ಟೆಯನ್ನು ನಾಲ್ಕು ಬೆರಳು ಎತ್ತರಿಸಿಕೊಟ್ಟರು. ಹಾಗಾಗಿ ಪೂರ್ತಿ ಸೂಜಿಯಿಂದಲೇ ವಾಸಿ ಆಯಿತು ಎಂದು ನಾನು ಎಲ್ಲೂ ಹೇಳುವುದಿಲ್ಲ. ಆದರೆ ವ್ಯಾಯಾಮ ಮಾಡುವಷ್ಟು ನೋವು ತಗ್ಗಿದ್ದು ಸೂಜಿ ಶುರುವಾದ ಮೇಲೇ.

ಪ್ರತಿ ಸಲ 600 ರೂಪಾಯಿ. ಅಡ್ವಾನ್ಸ್ ಕೇಳಲಿಲ್ಲ. ಯಾವ ಮಾತ್ರೆಯನ್ನೂ ಬಿಡಿಸಲಿಲ್ಲ.

ಹಿಂಜೆವಾಡಿ ಹುಡುಗ (ಮಂಗಳವಾರ, ಬೆಳಿಗ್ಗೆ 8:15)

ಭಟ್ಟರೇ, ನಿಮಗೆ ಒಳ್ಳೆಯದಾದದ್ದು ಖುಷಿ. ಆದರೆ ಇದೆಲ್ಲ ನಂಬಿಕೆಯಿಂದ ಆಗುವುದು ಅಂತಲೇ ನನಗೆ ಅನಿಸುತ್ತದೆ. ಮೈಯಲ್ಲಿ "ಚಿ" ಎಂಬ ಶಕ್ತಿ 12 ದಾರಿಯಲ್ಲಿ ಹರಿಯುತ್ತದೆ ಎನ್ನುತ್ತಾರೆ. ಮೈ ಕೊಯ್ದು ನೋಡಿದರೆ ಅಂಥ ದಾರಿ ಎಲ್ಲೂ ಕಾಣುವುದಿಲ್ಲ. ಇಲ್ಲದ ದಾರಿಗೆ ಚುಚ್ಚಿ ಕಾಯಿಲೆ ವಾಸಿ ಮಾಡುವುದು ಹೇಗೆ? ಸಕ್ಕರೆ ಗುಳಿಗೆ ಕೊಟ್ಟರೂ ಎಷ್ಟೋ ಜನ ಪರವಾಗಿಲ್ಲ ಎನ್ನುತ್ತಾರೆ. ಬಡವರ, ವಯಸ್ಸಾದವರ ದುಡ್ಡು ಹೀಗೆ ಹೋಗುವುದು ನೋಡಿ ಸಂಕಟ ಆಗುತ್ತದೆ. ಅದಕ್ಕೇ ಬರೆದೆ, ಬೇಜಾರು ಮಾಡಿಕೊಳ್ಳಬೇಡಿ.

ಪಿಂಪ್ರಿ ಫಿಸಿಯೋ (ಮಂಗಳವಾರ, ಮಧ್ಯಾಹ್ನ 2:30)

ನಾನು ಫಿಸಿಯೋಥೆರಪಿಸ್ಟ್. ಊರು ಧಾರವಾಡ, ಕೆಲಸ ಪಿಂಪ್ರಿಯಲ್ಲಿ. ಹನ್ನೊಂದು ವರ್ಷದಿಂದ ಮಂಡಿ, ಸೊಂಟವೇ ನೋಡುತ್ತಿದ್ದೇನೆ. ನಾನು ಅಕ್ಯುಪಂಕ್ಚರ್ ಮಾಡುವುದಿಲ್ಲ. ಡ್ರೈ ನೀಡ್ಲಿಂಗ್ ಮಾಡುತ್ತೇನೆ. ಸೂಜಿ ಒಂದೇ, ಲೆಕ್ಕ ಬೇರೆ. ಅವರು ಚೀನಾದ ಬಿಂದು ಹುಡುಕಿ ಚುಚ್ಚುತ್ತಾರೆ. ನಾವು ಮಾಂಸಖಂಡದಲ್ಲಿ ಗಂಟು ಕಟ್ಟಿರುವ ಜಾಗ ಕೈಯಲ್ಲಿ ಮುಟ್ಟಿ ನೋಡಿ ಅಲ್ಲಿ ಚುಚ್ಚುತ್ತೇವೆ.

ಹಿಂಜೆವಾಡಿ ತಮ್ಮಾ, ನಿನ್ನ ಪ್ರಶ್ನೆ ಸರಿಯಾಗಿದೆ. ಅದನ್ನು ಜರ್ಮನಿಯಲ್ಲಿ ಬಹಳ ದೊಡ್ಡದಾಗಿಯೇ ಪರೀಕ್ಷೆ ಮಾಡಿದ್ದಾರೆ. 2007ರಲ್ಲಿ ಫಲಿತಾಂಶ ಬಂತು. ಹಳೇ ಸೊಂಟನೋವು ಇರುವ 1,162 ಜನ. ಮೂರು ಗುಂಪು. ಒಂದಕ್ಕೆ ಸರಿಯಾದ ಬಿಂದುವಿಗೆ ಸೂಜಿ. ಇನ್ನೊಂದಕ್ಕೆ ಬಿಂದು ಅಲ್ಲದ ಜಾಗಕ್ಕೆ, ಮೇಲೆ ಮೇಲೆ ಚುಚ್ಚಿದ ತೋರಿಕೆಯ ಸೂಜಿ. ಮೂರನೆಯದಕ್ಕೆ ಮಾತ್ರೆ, ಫಿಸಿಯೋ, ವ್ಯಾಯಾಮ. ಆರು ತಿಂಗಳಾದ ಮೇಲೆ ನೋಡಿದರೆ ಸರಿಯಾದ ಸೂಜಿಯವರಲ್ಲಿ 47.6% ಜನರಿಗೆ ಗುಣ ಕಂಡಿತ್ತು. ತೋರಿಕೆಯ ಸೂಜಿಯವರಲ್ಲಿ 44.2%. ಮಾತ್ರೆ, ಫಿಸಿಯೋದವರಲ್ಲಿ 27.4%.

ಈ ಮೂರು ಅಂಕಿಯನ್ನು ಒಟ್ಟಿಗೆ ಓದಬೇಕು. ಎಲ್ಲಿ ಚುಚ್ಚುತ್ತಾರೆ ಎಂಬುದು ಅಷ್ಟೇನೂ ಮುಖ್ಯವಲ್ಲ ಎಂದು ಮೊದಲೆರಡು ಹೇಳುತ್ತವೆ. ಅಂದರೆ 12 ದಾರಿಯ ಕಥೆಗೆ ಪೆಟ್ಟು ಬಿತ್ತು. ಆದರೆ ಸೂಜಿ ಹಾಕಿಸಿಕೊಂಡ ಎರಡೂ ಗುಂಪು ಮೂರನೆಯದಕ್ಕಿಂತ ಬಹಳ ಮುಂದಿದೆ. ಇದನ್ನು ಸುಮ್ನೆ ತಳ್ಳಿಹಾಕಲು ಆಗುವುದಿಲ್ಲ ಅಲ್ವಾ? ನಂಬಿಕೆ, ಮಲಗಿ ಸಿಕ್ಕ ವಿಶ್ರಾಂತಿ, ಯಾರೋ ಅರ್ಧ ಗಂಟೆ ಗಮನ ಕೊಟ್ಟದ್ದು, ಎಲ್ಲ ಅದರಲ್ಲಿ ಸೇರಿದೆ. ಜೊತೆಗೆ ಮೈಯೊಳಗಿನ ಕೆಲಸವೂ ಇದೆ. ಚುಚ್ಚಿದಾಗ ಮೆದುಳು ಎಂಡಾರ್ಫಿನ್ ಬಿಡುತ್ತದೆ. ಅದು ಮೈಯೇ ತಯಾರಿಸುವ ನೋವಿನ ಮದ್ದು. ಎಂಡಾರ್ಫಿನ್ ಕೆಲಸ ಮಾಡದ ಹಾಗೆ ತಡೆಯುವ ನಲೋಕ್ಸೋನ್ ಔಷಧಿ ಕೊಟ್ಟರೆ ಸೂಜಿಯ ಪರಿಣಾಮವೂ ಇಳಿಯುತ್ತದೆ ಎಂದು 1970ರ ದಶಕದಲ್ಲೇ ತೋರಿಸಿದ್ದಾರೆ.

2018ರಲ್ಲಿ 39 ಪರೀಕ್ಷೆಗಳ, ಒಟ್ಟು 20,827 ರೋಗಿಗಳ ಲೆಕ್ಕ ಸೇರಿಸಿ ನೋಡಿದರು. ಸೊಂಟ, ಕುತ್ತಿಗೆ, ಮಂಡಿ ಸವೆತ, ತಲೆನೋವು, ಭುಜ. ತೋರಿಕೆಯ ಸೂಜಿಗಿಂತ ನಿಜವಾದ ಸೂಜಿ ಸ್ವಲ್ಪ ಮುಂದೆ. ಏನೂ ಸೂಜಿ ಇಲ್ಲದವರಿಗಿಂತ ಜಾಸ್ತಿ ಮುಂದೆ. ಆ "ಸ್ವಲ್ಪ" ಸಾಕಾ ಸಾಲದಾ ಎನ್ನುವುದೇ ಇಡೀ ಜಗಳ. ಯಾವ ಚಿಕಿತ್ಸೆ ಕೊಡಬೇಕು, ಯಾವುದು ಬೇಡ ಎಂದು ಹೇಳುವ ಬ್ರಿಟನ್ನಿನ ನೈಸ್ ಸಂಸ್ಥೆ 2009ರಲ್ಲಿ ಸೊಂಟನೋವಿಗೆ ಕೊಡಬಹುದು ಎಂದಿತ್ತು, 2016ರಲ್ಲಿ ಬೇಡ ಎಂದಿತು. ಮಂಡಿ ಸವೆತಕ್ಕೂ 2022ರಲ್ಲಿ ಬೇಡ ಎಂದಿದೆ. ಅಮೆರಿಕದ ಕೀಲುರೋಗ ಡಾಕ್ಟರುಗಳ ಸಂಘ, ಅಮೆರಿಕನ್ ಕಾಲೇಜ್ ಆಫ್ ರುಮಟಾಲಜಿ, ತನ್ನ 2019ರ ಮಾರ್ಗಸೂಚಿಯಲ್ಲಿ ಮಂಡಿ ಸವೆತಕ್ಕೆ ಷರತ್ತಿನ ಮೇಲೆ ಕೊಡಬಹುದು ಎಂದಿದೆ. ಓದಿದವರೇ ಎರಡು ಪಕ್ಷ. ವ್ಯಾಯಾಮದ ವಿಷಯದಲ್ಲಿ ಮಾತ್ರ ಇಬ್ಬರೂ ಒಂದೇ ಮಾತು, ಮಾಡಲೇಬೇಕು.

ಡೊಂಬಿವಲಿ ಅಕ್ಕಾರ, ನಿಮ್ಮ ಅತ್ತೆಯವರಿಗೆ ನನ್ನ ಸಲಹೆ ಹೇಳುತ್ತೇನೆ. ಸೂಜಿ ನೋವು ತಗ್ಗಿಸಬಹುದು. ಸವೆದ ಮಂಡಿಯನ್ನು ಅದು ಮತ್ತೆ ಬೆಳೆಸುವುದಿಲ್ಲ. ಶುಗರ್ ಇಳಿಸುವುದಿಲ್ಲ. ನೋವಿನ ಮಾತ್ರೆ ಅವರ ಹೊಟ್ಟೆಗೆ, ಕಿಡ್ನಿಗೆ ಆಗುವುದಿಲ್ಲ ಎಂದರೆ ಸೂಜಿ ಒಮ್ಮೆ ನೋಡುವುದರಲ್ಲಿ ತಪ್ಪಿಲ್ಲ. ಆರು ಸಿಟ್ಟಿಂಗ್ ಎಂದು ಮೊದಲೇ ಗೆರೆ ಹಾಕಿಕೊಳ್ಳಿ. ಶುರು ಮಾಡುವ ದಿನ ಎಷ್ಟು ಮೆಟ್ಟಿಲಿಗೆ ಕೂರುತ್ತಾರೆ ಎಂದು ಬರೆದಿಡಿ. ಆರಾದ ಮೇಲೆ ಮತ್ತೆ ಬರೆಯಿರಿ. ವ್ಯತ್ಯಾಸ ಕಾಣದಿದ್ದರೆ ಬಿಟ್ಟುಬಿಡಿ. ಜೊತೆಗೆ ದಿನಾ ಒಂದು ವ್ಯಾಯಾಮ. ಗಟ್ಟಿ ಕುರ್ಚಿಯಲ್ಲಿ ಕೂತು ಒಂದು ಕಾಲನ್ನು ನೇರ ಮಾಡಿ, ತೊಡೆ ಬಿಗಿ ಹಿಡಿದು, ಐದರವರೆಗೆ ಎಣಿಸಿ ಇಳಿಸಬೇಕು. ಒಂದೊಂದು ಕಾಲಿಗೆ ಹತ್ತು ಸಲ, ದಿನಕ್ಕೆ ಎರಡು ಹೊತ್ತು. ತೊಡೆಗೆ ಬಲ ಬಂದರೆ ಮಂಡಿಗೆ ಭಾರ ಕಡಿಮೆ.

ಆ ಕ್ಲಿನಿಕ್‌ಗೆ ಹೋಗಬೇಡಿ. ಎಕ್ಸ್‌ರೇ ತೆರೆದು ನೋಡದವರು, ಶುಗರ್ ಮಾತ್ರೆ ಬಿಡಿಸುತ್ತೇನೆ ಎನ್ನುವವರು, ಸೂಜಿ ಎಷ್ಟೇ ಚೆನ್ನಾಗಿ ಹಾಕಲಿ, ನಿಮಗೆ ಬೇಡ.

ಮೀರಾ ರೋಡ್ ಅಣ್ಣ (ಮಂಗಳವಾರ, ರಾತ್ರಿ 9:20)

ಮಾತ್ರೆ ಬಿಡಿಸುವ ಮಾತು ಓದಿ ಕೈ ನಡುಗಿತು. ನಮ್ಮ ಮನೆಯಲ್ಲಿ ಆದದ್ದು ಹೇಳುತ್ತೇನೆ.

ನಮ್ಮ ಅಪ್ಪ ಮೂವತ್ತು ವರ್ಷ ಫೋರ್ಟ್‌ನಲ್ಲಿ ಕ್ಯಾಂಟೀನ್ ನಡೆಸಿದವರು. ಯಾರಿಗೂ ತಲೆ ಬಾಗದ ಮನುಷ್ಯ, ಮಾತ್ರೆ ನುಂಗುವುದೆಂದರೆ ಮಾತ್ರ ಸಂಕಟ. ನಿವೃತ್ತಿ ಆದ ಮೇಲೆ ಭುಜದ ನೋವಿಗೆ ಒಬ್ಬರ ಹತ್ತಿರ ಸೂಜಿ ಹಾಕಿಸಿಕೊಂಡರು. ಭುಜ ಸಡಿಲವಾಯಿತು, ಅದು ನಿಜ. ಅಲ್ಲಿಗೆ ನಂಬಿಕೆ ಬಂತು. ಆ ಮನುಷ್ಯ, "ನಿಮ್ಮ ಶುಗರ್‌ಗೂ ಬಿಂದು ಇದೆ, ಮಾತ್ರೆ ಅರ್ಧ ಮಾಡಿ" ಎಂದ. ಆಮೇಲೆ ಪೂರ್ತಿ ಬಿಡಿ ಎಂದ. ಅಪ್ಪ ನಮಗೆ ಹೇಳಲಿಲ್ಲ. ಮಾತ್ರೆ ಶೀಟನ್ನು ದಿಂಬಿನ ಕೆಳಗೆ ಇಡುತ್ತಿದ್ದರು. ಅಮ್ಮ ಹಾಸಿಗೆ ಕೊಡವಿದಾಗ ಏಳು ಶೀಟು ಸಿಕ್ಕಿತು, ಒಂದೂ ಒಡೆದಿರಲಿಲ್ಲ.

ಅಷ್ಟರಲ್ಲಿ ಬಲಗಾಲಿನ ಹೆಬ್ಬೆರಳ ಕೆಳಗೆ ಹುಣ್ಣಾಗಿತ್ತು. ನೋವಿಲ್ಲ, ಅದಕ್ಕೇ ಅವರು ನೋಡಿಕೊಂಡಿರಲಿಲ್ಲ. ಆಸ್ಪತ್ರೆಗೆ ಸೇರಿಸಿದ ದಿನ ಶುಗರ್ 412. ಹೆಬ್ಬೆರಳು ಉಳಿಯಲಿಲ್ಲ. ಪುಣ್ಯಕ್ಕೆ ಕಾಲು ಉಳಿಯಿತು. ಈಗಲೂ ಅಪ್ಪ ಆ ಮನುಷ್ಯನನ್ನು ಬೈಯುವುದಿಲ್ಲ, "ಭುಜ ಸರಿ ಮಾಡಿದ್ನಲ್ಲ" ಎನ್ನುತ್ತಾರೆ. ನನಗೆ ಆ ಮಾತೇ ಹೆಚ್ಚು ನೋವು ಕೊಡುವುದು. ಒಂದು ಕಡೆ ನಿಜವಾಗಿ ಗುಣ ಮಾಡಿದವನು ಇನ್ನೊಂದು ಕಡೆ ಹೇಳಿದ್ದನ್ನೂ ನಾವು ನಂಬಿಬಿಡುತ್ತೇವೆ.

ಅತ್ತೆಯವರ ಮಾತ್ರೆ ಡಬ್ಬಿ ಇವತ್ತೇ ನೋಡಿ ತಂಗಿ.

ಡೊಂಬಿವಲಿ ಸೊಸೆ (ಮಂಗಳವಾರ, ರಾತ್ರಿ 10:10)

ಅಣ್ಣ, ಓದಿದ ಕೂಡಲೇ ಹೋಗಿ ಎಣಿಸಿದೆ. ಶನಿವಾರದಿಂದ ರಾತ್ರಿಯ ಮಾತ್ರೆ ತಗೊಂಡಿಲ್ಲ. ಕೇಳಿದರೆ, "ಹೇಗೂ ಬಿಡಿಸ್ತಾರಲ್ಲ, ಅಭ್ಯಾಸ ಮಾಡ್ಕೊಳ್ತಿದ್ದೆ" ಎಂದರು. ಕೂತು ನಿಮ್ಮ ಅಪ್ಪನ ಕಥೆ ಓದಿ ಹೇಳಿದೆ. ಏನೂ ಮಾತಾಡದೆ ನೀರು ತರಿಸಿ ಮಾತ್ರೆ ತಗೊಂಡರು. ನಿಮಗೆ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಿಲ್ಲ.

ಫಿಸಿಯೋ ಮೇಡಂ, ಇನ್ನೊಂದು ವಿಷಯ. ಅತ್ತೆಗೆ ಪಾದ ಸ್ವಲ್ಪ ಮರಗಟ್ಟಿದ ಹಾಗಿದೆ. ಚಪ್ಪಲಿ ಜಾರಿದರೂ ಕೆಲವು ಸಲ ಗೊತ್ತಾಗುವುದಿಲ್ಲ. ಸೂಜಿ ಹಾಕಿಸಬಹುದಾ?

ಪಿಂಪ್ರಿ ಫಿಸಿಯೋ (ಬುಧವಾರ, ಬೆಳಿಗ್ಗೆ 7:00)

ಇದನ್ನು ಮೊದಲೇ ಕೇಳಬೇಕಿತ್ತು, ನನ್ನದೇ ತಪ್ಪು. ಶುಗರ್‌ನಿಂದ ಪಾದ ಮರಗಟ್ಟಿದ್ದರೆ ಪಾದಕ್ಕೆ ಸೂಜಿ ಬೇಡ. ಮಂಡಿಯ ಸುತ್ತ ಹಾಕಿಸಬಹುದು, ಆದರೆ ಶುಗರ್ ಹಿಡಿತದಲ್ಲಿರಬೇಕು. ಮೂರು ತಿಂಗಳ ಸರಾಸರಿ ಶುಗರ್ ಪರೀಕ್ಷೆ ಮಾಡಿಸಿ ಅದರ ರಿಪೋರ್ಟ್ ಸೂಜಿ ಹಾಕುವವರಿಗೆ ತೋರಿಸಿ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಅದನ್ನೂ ಹೇಳಿ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಭಟ್ಟರು ಹೇಳಿದ ಆ ಕರೆಂಟ್ ಕ್ಲಿಪ್ ಹಾಕಿಸಿಕೊಳ್ಳಬಾರದು.

ಎಲ್ಲಕ್ಕಿಂತ ಮುಖ್ಯ, ಮಾಕ್ಸಾ ಬೇಡವೇ ಬೇಡ. ಒಣಸೊಪ್ಪಿನ ಬತ್ತಿ ಹೊತ್ತಿಸಿ ಚರ್ಮದ ಹತ್ತಿರ ಹಿಡಿದು ಕಾಸುವುದಕ್ಕೆ ಹಾಗೆನ್ನುತ್ತಾರೆ. ಮರಗಟ್ಟಿದ ಪಾದಕ್ಕೆ ಬಿಸಿ ಗೊತ್ತಾಗುವುದಿಲ್ಲ. ಸುಟ್ಟ ಮೇಲೆ ಬೊಬ್ಬೆ ನೋಡಿದಾಗಲೇ ತಿಳಿಯುವುದು.

ಮಾಟುಂಗಾದವಳು (ಬುಧವಾರ, ಬೆಳಿಗ್ಗೆ 11:25)

ಆ ಮಾಕ್ಸಾ ಸೊಪ್ಪು ನಮ್ಮ ಮಾಚಿಪತ್ರೆಯ ಜಾತಿಯದೇ ಕಣಮ್ಮಾ. ಚೌತಿಗೆ ಮಾಟುಂಗಾ ಮಾರ್ಕೆಟ್ಟಿನಲ್ಲಿ ಪತ್ರೆ ಕಟ್ಟು ತರುತ್ತೇವಲ್ಲ, ಅದರಲ್ಲಿ ಬೆರಳಲ್ಲಿ ತಿಕ್ಕಿದರೆ ಘಮ್ಮೆನ್ನುವ ಬೂದು ಎಲೆ, ಅದು. ನನಗೆ ಹತ್ತು ವರ್ಷದ ಹಿಂದೆ ಹೆಗಲಿಗೆ ಕಾಸಿದ್ದರು. ಹೊಗೆಯ ವಾಸನೆ ಬಂದಾಗ ಊರಿನ ದೇವರ ಮನೆ ನೆನಪಾಗಿ ಕಣ್ಣಲ್ಲಿ ನೀರು ಬಂತು. ಹೆಗಲಿಗೆ ಹಿತ ಆಯಿತು. ಆದರೆ ಮರಗಟ್ಟಿದ ಕಾಲಿಗೆ ಖಂಡಿತ ಬೇಡ, ಅವರು ಹೇಳಿದ್ದು ಸರಿ.

ಸೊಲ್ಲಾಪುರ ಮೂಲ (ಬುಧವಾರ, ಸಂಜೆ 5:45)

ನಾನು ನಿವೃತ್ತ ಶಿಕ್ಷಕ. ಈಗ ಪುಣೆಯ ಮಗನ ಮನೆಯಲ್ಲಿದ್ದೇನೆ. ಅಕ್ಯುಪಂಕ್ಚರ್ ಎಂದರೆ ನಮ್ಮ ಸೊಲ್ಲಾಪುರದ ಜನರಿಗೆ ಡಾ. ದ್ವಾರಕಾನಾಥ ಕೋಟ್ನಿಸರ ಹೆಸರೇ ಮೊದಲು ನೆನಪಾಗುತ್ತದೆ. ಅವರೇ ಚೀನಾದಿಂದ ಈ ವಿದ್ಯೆ ತಂದರು ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಕೋಟ್ನಿಸರು 1910ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿ, ಮುಂಬೈಯ ಸೇಠ್ ಜಿ. ಎಸ್. ಮೆಡಿಕಲ್ ಕಾಲೇಜಿನಲ್ಲಿ ಓದಿದವರು. 1938ರಲ್ಲಿ ಐದು ಜನ ಭಾರತೀಯ ಡಾಕ್ಟರು ಯುದ್ಧದಲ್ಲಿ ಗಾಯಗೊಂಡವರ ಸೇವೆಗೆ ಚೀನಾಕ್ಕೆ ಹೋದರು. ಅವರಲ್ಲಿ ಇವರೊಬ್ಬರು. ಅಲ್ಲಿ ಇವರು ಮಾಡಿದ್ದು ಶಸ್ತ್ರಚಿಕಿತ್ಸೆ. 1942ರ ಡಿಸೆಂಬರಿನಲ್ಲಿ ಅಲ್ಲೇ ತೀರಿಕೊಂಡರು, ಆಗ 32 ವರ್ಷ. ಅದೇ ತಂಡದ ಡಾ. ಬಿ. ಕೆ. ಬಸು 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ಹೋಗಿ ಅಕ್ಯುಪಂಕ್ಚರ್ ಕಲಿತು ಬಂದು ಕೋಲ್ಕತ್ತದಲ್ಲಿ ಶುರು ಮಾಡಿದರು. ಕಲಿಸಿದವರ ಹೆಸರು ಸರಿಯಾಗಿ ಹೇಳಬೇಕು ಎಂಬ ಆಸೆಯಿಂದ ಇಷ್ಟು ಬರೆದೆ.

ಬಂಗಾಳದಲ್ಲಿ ಇದು ಬೇರೂರಿದ್ದಕ್ಕೆ ಅದೇ ಕಾರಣ. ಕಾನೂನು ಕೂಡ ಮೊದಲು ಅಲ್ಲೇ, 1996ರಲ್ಲಿ ಬಂತು. ಆಮೇಲೆ ಮಹಾರಾಷ್ಟ್ರ 2015ರ ಕಾಯ್ದೆ ಮಾಡಿತು. ಇಲ್ಲಿ ಅಕ್ಯುಪಂಕ್ಚರ್‌ಗೆಂದೇ ರಾಜ್ಯ ಕೌನ್ಸಿಲ್ ಇದೆ. ಹಾಗಾಗಿ ಮಗಳೇ, ಯಾರ ಹತ್ತಿರ ಹೋದರೂ "ನಿಮ್ಮ ನೋಂದಣಿ ಸಂಖ್ಯೆ ಎಷ್ಟು" ಎಂದು ಕೇಳುವ ಹಕ್ಕು ನಿಮಗಿದೆ. ಸಂಕೋಚ ಬೇಡ. ಸರಿಯಾದವರು ಗೋಡೆಯ ಮೇಲೇ ಹಾಕಿರುತ್ತಾರೆ. ಇನ್ನು, ಆಯುಷ್ ಎಂಬ ಹೆಸರಲ್ಲಿ ಆಯುರ್ವೇದ, ಯೋಗ, ಯುನಾನಿ, ಸಿದ್ಧ, ಹೋಮಿಯೋಪತಿ ಇವೆ, ಅಕ್ಯುಪಂಕ್ಚರ್ ಇಲ್ಲ. ಆಯುಷ್ ಇದೆಯಲ್ಲ ಎಂದು ಮೆಡಿಕ್ಲೈಮ್ ನಂಬಿ ಹೋಗಬೇಡಿ. ಪಾಲಿಸಿ ಕಾಗದ ಓದಿ.

ನಮ್ಮ ಕರ್ನಾಟಕದಲ್ಲಿ ಉಜಿರೆಯಂಥ ಕಡೆ ಪ್ರಕೃತಿ ಚಿಕಿತ್ಸೆಯ ಬಿಎನ್‌ವೈಎಸ್ ಕೋರ್ಸ್ ಮಾಡಿದವರೂ ಇದನ್ನು ಕಲಿತಿರುತ್ತಾರೆ. ಅಂಥವರು ಸಿಕ್ಕರೂ ಆಗಬಹುದು.

ವಾಸ್ಕೋ ಗದಗ (ಗುರುವಾರ, ರಾತ್ರಿ 10:30)

ಗೋವಾದಿಂದ ಬರೆಯುತ್ತಿದ್ದೇನೆ. ವಾಸ್ಕೋದಲ್ಲಿ ಟೆಂಪೊ ಓಡಿಸುತ್ತೇನೆ, ಊರು ಗದಗ ಹತ್ತಿರ. ಎಲ್ಲರೂ ಸೂಜಿ ಸಣ್ಣದು, ಏನೂ ಆಗುವುದಿಲ್ಲ ಎಂದು ಹೇಳುತ್ತಾರೆ. ನಮ್ಮ ಭಾವನಿಗೆ ಆಯಿತು.

ಭಾವ ಕಟ್ಟಡ ಕೆಲಸದವರು. ಕುತ್ತಿಗೆ, ಭುಜ ಹಿಡಿದಿತ್ತು. ಒಬ್ಬ ಮನೆ ಮನೆಗೆ ಬಂದು ಸೂಜಿ ಹಾಕುತ್ತಿದ್ದ. 200 ರೂಪಾಯಿ. ಎಲ್ಲಿ ಕಲಿತದ್ದು ಎಂದು ಯಾರೂ ಕೇಳಲಿಲ್ಲ. ಭುಜದ ಮೇಲೆ, ಕುತ್ತಿಗೆ ಸೇರುವಲ್ಲಿ, ನೇರ ಕೆಳಗೆ ಚುಚ್ಚಿದ. ಭಾವ ತೆಳ್ಳಗಿನ ಮನುಷ್ಯ. ಆಗ ಏನೂ ಅನಿಸಲಿಲ್ಲ. ಸಂಜೆ ಉಸಿರು ಎಳೆದರೆ ಎದೆಯಲ್ಲಿ ಚುಳುಕ್ ಅನ್ನಲು ಶುರು. ರಾತ್ರಿ ಮಲಗಲು ಆಗದೆ ಗೋಡೆಗೆ ಒರಗಿ ಕೂತಿದ್ದರು. ನನ್ನ ಟೆಂಪೊದಲ್ಲೇ ಬಾಂಬೋಳಿಯ ಸರಕಾರಿ ಆಸ್ಪತ್ರೆಗೆ ಒಯ್ದೆ. ಎಕ್ಸ್‌ರೇ ತೆಗೆದು, ಶ್ವಾಸಕೋಶಕ್ಕೆ ಸೂಜಿ ತಾಗಿ ಗಾಳಿ ಹೊರಗೆ ಬಂದು ಕೂತಿದೆ, ಒಂದು ಕಡೆಯ ಶ್ವಾಸಕೋಶ ಕುಗ್ಗಿದೆ ಎಂದರು. ಪಕ್ಕೆಗೆ ಪೈಪ್ ಹಾಕಿದರು. ನಾಲ್ಕು ದಿನ ಪೈಪು. ಡಾಕ್ಟರು, ನರ್ಸುಗಳು ಬಹಳ ಚೆನ್ನಾಗಿ ನೋಡಿಕೊಂಡರು. ಒಂದು ತಿಂಗಳು ಕೂಲಿ ಹೋಯಿತು. ಸೂಜಿ ಹಾಕಿದವನ ಫೋನ್ ಅವತ್ತಿನಿಂದ ಸ್ವಿಚ್ ಆಫ್.

ಕೂಲಿ ಮಾಡುವ ನಮ್ಮವರು ಅಗ್ಗ ಎಂದು ಇಂಥವರ ಕೈಗೆ ಸಿಗುತ್ತಾರೆ. ದಯವಿಟ್ಟು ನಿಮ್ಮ ಮನೆ ಕೆಲಸಕ್ಕೆ ಬರುವವರಿಗೂ, ವಾಚ್‌ಮನ್‌ಗಳಿಗೂ ಇದನ್ನು ಹೇಳಿ.

ಪಿಂಪ್ರಿ ಫಿಸಿಯೋ (ಗುರುವಾರ, ರಾತ್ರಿ 11:00)

ಅಣ್ಣಾವರ, ಸರಿಯಾಗಿ ಹೇಳಿದಿರಿ. ಇದು ಅಪರೂಪ, ಆದರೆ ಆಗುತ್ತದೆ. ನಾವು ಕಲಿಯುವಾಗ ಭುಜದ ಆ ಜಾಗದಲ್ಲಿ ಮಾಂಸವನ್ನು ಎರಡು ಬೆರಳಲ್ಲಿ ಹಿಡಿದು ಎತ್ತಿ, ಎತ್ತಿದ ಮಾಂಸಕ್ಕೆ ಮಾತ್ರ ಚುಚ್ಚಬೇಕು ಎಂದು ನೂರು ಸಲ ಹೇಳಿಸುತ್ತಾರೆ. ಎದೆ, ಬೆನ್ನಿನ ಮೇಲ್ಭಾಗ, ಭುಜ, ಇಲ್ಲಿಗೆ ಸೂಜಿ ಹಾಕಿಸಿದ ಮೇಲೆ ಉಸಿರು ಕಟ್ಟಿದರೆ, ಕೆಮ್ಮು ಬಂದರೆ, ಅವತ್ತೇ ಆಸ್ಪತ್ರೆಗೆ ಹೋಗಿ. ಬೆಳಿಗ್ಗೆವರೆಗೆ ಕಾಯಬೇಡಿ. ಇನ್ನೊಂದು, ಬಳಸಿದ ಸೂಜಿಯನ್ನು ಇನ್ನೊಬ್ಬರಿಗೆ ಹಾಕಿದರೆ ಹೆಪಟೈಟಿಸ್ ಬಿ ಹರಡುತ್ತದೆ. ಪ್ಯಾಕೆಟ್ ನಿಮ್ಮ ಕಣ್ಣೆದುರೇ ಒಡೆಯಬೇಕು.

ಠಾಣೆ ತಂಗಿ (ಶುಕ್ರವಾರ, ಮಧ್ಯಾಹ್ನ 1:10)

ಅಕ್ಕ, ನನಗೆ ಮೂರನೇ ತಿಂಗಳು. ಮೈಗ್ರೇನ್ ಇದೆ, ಮಾತ್ರೆ ತಗೊಳ್ಳುವಂತಿಲ್ಲ. ಸೂಜಿ ಆಗುತ್ತದಾ?

ಪಿಂಪ್ರಿ ಫಿಸಿಯೋ (ಶುಕ್ರವಾರ, ಮಧ್ಯಾಹ್ನ 1:55)

ಪದೇ ಪದೇ ಬರುವ ಮೈಗ್ರೇನ್ ಕಡಿಮೆ ಮಾಡಲು ಸೂಜಿ ಸಹಾಯ ಮಾಡುತ್ತದೆ ಎನ್ನುವುದಕ್ಕೆ ಒಳ್ಳೇ ಪುರಾವೆ ಇದೆ. 2016ರಲ್ಲಿ ಕೊಕ್ರೇನ್ ಸಂಸ್ಥೆಯವರು 22 ಪರೀಕ್ಷೆ ಸೇರಿಸಿ ನೋಡಿ, ಮೈಗ್ರೇನ್ ಬರದ ಹಾಗೆ ದಿನಾ ಕೊಡುವ ಮಾತ್ರೆಯಷ್ಟಾದರೂ ಕೆಲಸ ಮಾಡಬಹುದು ಎಂದಿದ್ದಾರೆ. ಆದರೆ ನಿನ್ನ ಸ್ತ್ರೀರೋಗ ಡಾಕ್ಟರನ್ನು ಕೇಳದೆ ಬೇಡ. ಹೆಬ್ಬೆರಳು ತೋರುಬೆರಳ ನಡುವಿನ ಬಿಂದು, ಕಾಲಿನ ಒಳಗಿಣ್ಣಿನ ಮೇಲಿನ ಬಿಂದು, ಇವೆರಡನ್ನು ಬಸುರಿಯರಿಗೆ ಹಾಕಬಾರದು ಎಂದು ಅಕ್ಯುಪಂಕ್ಚರ್‌ನವರೇ ಹಿಂದಿನಿಂದ ಪಾಲಿಸುತ್ತಾರೆ. ತಲೆನೋವಿನ ಜೊತೆ ಕಣ್ಣು ಮಂಜಾದರೆ, ಕೈ ಮುಖ ಊದಿದರೆ ಕೂಡಲೇ ಬಿಪಿ ನೋಡಿಸು.

ಹಿಂಜೆವಾಡಿ ಹುಡುಗ (ಶನಿವಾರ, ಬೆಳಿಗ್ಗೆ 9:40)

ಮೇಡಂ, ಆ ಮೂರು ಅಂಕಿಯನ್ನು ಎರಡು ದಿನ ಯೋಚಿಸಿದೆ. ದಾರಿ, ಚಿ ನಾನು ಈಗಲೂ ಒಪ್ಪುವುದಿಲ್ಲ. ಆದರೆ 27ಕ್ಕೂ 44ಕ್ಕೂ ನಡುವಿನ ವ್ಯತ್ಯಾಸ ನೋವು ತಿನ್ನುವವರಿಗೆ ದೊಡ್ಡದು. ನನ್ನ ಅಮ್ಮನಿಗೆ ಬಂದಿದ್ದರೆ ನಾನೂ ಕರೆದುಕೊಂಡು ಹೋಗುತ್ತಿದ್ದೆನೇನೋ. ನೋಂದಣಿ ನೋಡಿ, ಮಾತ್ರೆ ಬಿಡದೆ.

ಡೊಂಬಿವಲಿ ಸೊಸೆ (ಏಳು ವಾರದ ನಂತರ)

ಎಲ್ಲರಿಗೂ ನಮಸ್ಕಾರ. ಏನಾಯಿತು ಎಂದು ಹೇಳದೆ ಇದ್ದರೆ ಸರಿಯಲ್ಲ, ಅದಕ್ಕೆ ಬಂದೆ.

ಮೊದಲಿನ ಕ್ಲಿನಿಕ್ ಬಿಟ್ಟೆವು. ಠಾಣೆಯಲ್ಲಿ ಒಬ್ಬ ಲೇಡಿ ಡಾಕ್ಟರ್ ಸಿಕ್ಕರು. ನೋಂದಣಿ ಪತ್ರ ಗೋಡೆ ಮೇಲಿತ್ತು, ಕೇಳುವ ಮೊದಲೇ ಅತ್ತೆಯೇ ಬೆರಳು ಮಾಡಿ ತೋರಿಸಿದರು. ಅವರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿದರು, ಶುಗರ್ ರಿಪೋರ್ಟ್ ಕೇಳಿದರು. ಪಾದಕ್ಕೆ ಸೂಜಿ ಹಾಕುವುದಿಲ್ಲ ಎಂದು ತಾವೇ ಹೇಳಿದರು. ಮಂಡಿಯ ಸುತ್ತ, ಅದರ ಸ್ವಲ್ಪ ಕೆಳಗೆ, ಒಂದೊಂದು ಕಾಲಿಗೆ ಐದು. ಅತ್ತೆ ಮೊದಲ ದಿನ ನನ್ನ ಕೈ ಗಟ್ಟಿ ಹಿಡಿದಿದ್ದರು. ಎರಡನೇ ದಿನ ಪಕ್ಕದ ಮಂಚದವರ ಜೊತೆ ಮರಾಠಿಯಲ್ಲಿ ಚಕ್ಕುಲಿ ಮಾಡುವುದು ಹೇಗೆ ಎಂದು ಮಾತಾಡುತ್ತಾ ಮಲಗಿದ್ದರು.

ಮೇಡಂ ಹೇಳಿದ ಹಾಗೆ ಕ್ಯಾಲೆಂಡರಿನಲ್ಲಿ ಬರೆದಿದ್ದೇನೆ. ಶುರುವಿನಲ್ಲಿ ಹತ್ತುವಾಗ ಎರಡು ಕಡೆ ಕೂರುತ್ತಿದ್ದರು. ಆರು ಸಿಟ್ಟಿಂಗ್ ಆದ ಮೇಲೆ ಒಂದು ಕಡೆ ನಿಲ್ಲುತ್ತಾರೆ, ಕೂರುವುದಿಲ್ಲ. ಕುರ್ಚಿ ವ್ಯಾಯಾಮ ಟಿವಿ ಧಾರಾವಾಹಿ ಬರುವ ಹೊತ್ತಿಗೆ ದಿನಾ ಮಾಡುತ್ತಾರೆ, ಜಾಹೀರಾತು ಬಂದಾಗ ಎಣಿಕೆ ಶುರು. ಹೋದ ಮಂಗಳವಾರ ಫಡ್ಕೆ ರೋಡಿನ ಗಣಪತಿ ದೇವಸ್ಥಾನಕ್ಕೆ ನಡೆದೇ ಹೋಗಿ ಬಂದರು. ಎಂಟು ತಿಂಗಳಾಗಿತ್ತು ಅಲ್ಲಿಗೆ ಹೋಗದೆ.

ಆದರೆ ಎಡಗಾಲು ಗುಣವಾದಷ್ಟು ಬಲಗಾಲು ಆಗಿಲ್ಲ. ರಾತ್ರಿ ಬಲಮಂಡಿ ಒಮ್ಮೊಮ್ಮೆ ಊದುತ್ತದೆ. ಒಂದೆರಡು ಸಲ ಬಾಗಿಲ ಹತ್ತಿರ ಹಿಡಿದುಕೊಂಡು ನಿಂತೇಬಿಟ್ಟರು, ಮಡಚಲೂ ಆಗಲಿಲ್ಲ. ಡಾಕ್ಟರು ಇನ್ನೂ ನಾಲ್ಕು ಸಿಟ್ಟಿಂಗ್ ಮಾಡೋಣ ಎನ್ನುತ್ತಾರೆ. ಏನು ಮಾಡಲಿ?

ಪಿಂಪ್ರಿ ಫಿಸಿಯೋ (ಅದೇ ದಿನ, ರಾತ್ರಿ 8:40)

ಅಕ್ಕಾರ, ಓದಿ ಬಹಳ ಸಮಾಧಾನ ಆಯಿತು. ಎಡಗಾಲಿಗೆ ಇನ್ನು ಸೂಜಿ ಬೇಕಿಲ್ಲ, ವ್ಯಾಯಾಮ ಮುಂದುವರಿಸಿ. ಬಲಗಾಲಿಗೆ ನಾಲ್ಕು ಸಿಟ್ಟಿಂಗ್ ಮಾಡಿಸುವ ಮೊದಲು ಆರ್ಥೋ ಹತ್ತಿರ ಹೋಗಿ. ಊತ ಬಂದು, ಮಂಡಿ ಸಿಕ್ಕಿಹಾಕಿಕೊಂಡ ಹಾಗೆ ನಿಲ್ಲುತ್ತದೆ ಎಂದರೆ ಒಳಗೆ ಗಾದಿಯಂಥ ಭಾಗ ಹರಿದಿರಬಹುದು, ಸಣ್ಣ ಚೂರು ಓಡಾಡುತ್ತಿರಬಹುದು. ಅದನ್ನು ಸೂಜಿಯಿಂದ ನೋಡಲೂ ಆಗುವುದಿಲ್ಲ, ತೆಗೆಯಲೂ ಆಗುವುದಿಲ್ಲ.

ಕಾವಲಿ ಭಟ್ಟ (ಅದೇ ದಿನ, ರಾತ್ರಿ 11:50)

ಗಣಪತಿ ದೇವಸ್ಥಾನಕ್ಕೆ ನಡೆದು ಹೋದರು ಎಂದು ಓದಿ ನನಗೇ ಮೈ ಹಗುರ ಆಯಿತು. ಅಮ್ಮನನ್ನು ಒಮ್ಮೆ ನಮ್ಮ ಹೋಟೆಲಿಗೆ ಕರೆದುಕೊಂಡು ಬನ್ನಿ ಅಕ್ಕ. ಕೆಳಗೇ ಇದೆ, ಒಂದು ಮೆಟ್ಟಿಲೂ ಇಲ್ಲ.

ಡೊಂಬಿವಲಿ ಸೊಸೆ (ಮರುದಿನ, ಬೆಳಿಗ್ಗೆ 7:30)

ಖಂಡಿತ ಬರುತ್ತೇವೆ ಭಟ್ಟರೇ. ಅತ್ತೆ ಆಗಲೇ, "ನೀರುದೋಸೆ ಮಾಡ್ತಾರಾ ಕೇಳು" ಎಂದಿದ್ದಾರೆ.

ಮೇಡಂ, ಆರ್ಥೋ ಹತ್ತಿರ ಸೋಮವಾರ ಸಂಜೆ ಐದೂವರೆಗೆ ನಂಬರ್ ಸಿಕ್ಕಿದೆ. ಹಳೇ ಎಕ್ಸ್‌ರೇ, ಶುಗರ್ ರಿಪೋರ್ಟ್, ಸೂಜಿ ಡಾಕ್ಟರು ಬರೆದುಕೊಟ್ಟ ಚೀಟಿ, ಎಲ್ಲ ಒಂದೇ ಕವರಿಗೆ ಹಾಕಿಟ್ಟಿದ್ದೇನೆ.